ಆಪ್ತಸಲಹೆ: ಮೊದಲ ಭೇಟಿಗೆ ಮುನ್ನ ತಿಳಿದಿರಬೇಕಾದ ಅಂಶಗಳು

ಬೈಲಹೊಂಗಲ ತಾಲೂಕಿನ ನೇಸರಗಿ ಭಾಗದಲ್ಲಿ ಎತ್ತು ಮೇವು ಬಿಟ್ಟರೆ ರೈತರು ಅದೇ ದಿನ ಪಶುವೈದ್ಯರನ್ನು ಕರೆಸುತ್ತಾರೆ. ಆದರೆ ಮನೆಯ ಯಜಮಾನನೇ ಊಟ ಬಿಟ್ಟು, ನಿದ್ದೆಗೆಟ್ಟು, ಹೊಲದ ಕಡೆ ಹೋಗದೆ ಕುಳಿತರೆ ‘ಚಿಂತಿ ಹಚ್ಚಿಕೊಂಡಾನ’ ಎಂದು ಸುಮ್ಮನಾಗುವುದುಂಟು. ಈ ಸ್ಥಿತಿ ಎರಡು ವಾರ ಮೀರಿದರೆ ಅದು ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ ಇರಬಹುದು. ಚಿಕಿತ್ಸೆಯಲ್ಲಿ ಏನು ನಡೆಯುತ್ತದೆಂದು ತಿಳಿಯದೆ ಹೋದವರು ಒಂದೇ ಭೇಟಿಗೆ ನಿಲ್ಲಿಸಿಬಿಡುವ ಸಂಭವವಿದೆ. ಆದುದರಿಂದ ಕೆಳಗಿನ ಅಂಶಗಳನ್ನು ಮೊದಲೇ ತಿಳಿದಿರುವುದು ಒಳಿತು.

1. ಯಾರ ಬಳಿ ಹೋಗಬೇಕು?
ಮನೋವೈದ್ಯರು ವೈದ್ಯ ಪದವೀಧರರು, ಔಷಧ ಬರೆದುಕೊಡುತ್ತಾರೆ. ಚಿಕಿತ್ಸಾ ಮನೋವಿಜ್ಞಾನಿಗಳು ಮತ್ತು ಆಪ್ತಸಲಹೆಗಾರರು ಮಾತುಕತೆಯ ಮೂಲಕ ನೆರವಾಗುತ್ತಾರೆ. ಬಾಗಿಲಿನ ಫಲಕವನ್ನಷ್ಟೇ ನಂಬದೆ ಅವರ ಓದು, ತರಬೇತಿ ಮತ್ತು ಶುಲ್ಕವನ್ನು ಕೇಳಿ ತಿಳಿಯಬೇಕು. ಹೀಗೆ ಕೇಳುವುದು ಅಗೌರವವಲ್ಲ.

2. ಏನು ನಡೆಯುತ್ತದೆ?
ಸಾಮಾನ್ಯವಾಗಿ ವಾರಕ್ಕೊಮ್ಮೆ, 45 ನಿಮಿಷದಿಂದ ಒಂದು ಗಂಟೆ ಮಾತುಕತೆ ಇರುತ್ತದೆ. ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಸಾಲ, ಕುಡಿತ, ಸಂಸಾರದ ಬಗ್ಗೆ ಪ್ರಶ್ನೆಗಳೇ ಹೆಚ್ಚು. ಬಿತ್ತಿದ ಮರುದಿನ ಪೈರು ಕಾಣದು. ಇಲ್ಲಿಯೂ ಕೆಲವು ವಾರ ಬೇಕು. ಆಪ್ತಸಲಹೆಯಿಂದ ಸಾಲ ತೀರುವುದಿಲ್ಲ. ಸಾಲದ ಬಗ್ಗೆ ನಿರ್ಧಾರ ಕೈಕೊಳ್ಳುವ ಶಕ್ತಿ ಮರಳಿ ಬರುತ್ತದೆ. ಒಬ್ಬರೊಡನೆ ಹೊಂದಿಕೆಯಾಗದಿದ್ದರೆ ಬೇರೊಬ್ಬರ ಬಳಿ ಹೋಗಬಹುದು.

3. ಗುಟ್ಟು ಉಳಿಯುವುದೇ?
2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯ ವಿಷಯವನ್ನು ಗೋಪ್ಯವಾಗಿಡತಕ್ಕದ್ದು. ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ ಮುಂತಾದ ಕೆಲವು ಸಂದರ್ಭಗಳು ಇದಕ್ಕೆ ಹೊರತು.

4. ಔಷಧ ಕೊಟ್ಟರೆ
ಖಿನ್ನತೆಯ ಔಷಧದ ಗುಣ ಕಾಣಲು 2ರಿಂದ 4 ವಾರ ಬೇಕಾಗಬಹುದು. ಗುಣ ಕಂಡಿತೆಂದು ತಾವಾಗಿಯೇ ನಿಲ್ಲಿಸಬಾರದು.

5. ಎಲ್ಲಿ ದೊರೆಯುತ್ತದೆ?
1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಈ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತರಬಹುದೆಂದು ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನೇಸರಗಿಯವರು ಬೈಲಹೊಂಗಲದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.

6. ಮನೆಯವರ ಹೊಣೆ
‘ಸಾಯಬೇಕು ಅನಿಸತೈತಿ’ ಎಂಬ ಮಾತನ್ನು ಹಗುರಾಗಿ ಕಾಣಬಾರದು. ಹಾಗೆ ಕೇಳಿಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಟನಾಶಕಗಳನ್ನು ವಾಸದ ಮನೆಯಲ್ಲಿಡದೆ ಬೇರೆಡೆ ಬೀಗ ಹಾಕಿಟ್ಟು, ಕೀಲಿಯನ್ನು ಇನ್ನೊಬ್ಬರು ಇಟ್ಟುಕೊಳ್ಳತಕ್ಕದ್ದು. ಆವೇಗದ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುವ ಸಂಭವ ಹೆಚ್ಚು. ಬದುಕಿ ಉಳಿದವರಿಗೆ ಚಿಕಿತ್ಸೆ ಫಲ ಕೊಡುತ್ತದೆ.