ಬಾಡಿಗೆಯ ವಿದ್ಯುನ್ಮಾನ ವಸೂಲಿ: ಶೆಡ್ ಮತ್ತು ಕೊಠಡಿ ಮಾಲೀಕರು ಗಮನಿಸಬೇಕಾದ ಅಂಶಗಳು

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರ ಕೊನೆಯಲ್ಲಿ ವಾಹನ ತಯಾರಿಕೆ ಆರಂಭಿಸಿದ ತರುವಾಯ, ಅದರ ಸುತ್ತಮುತ್ತ ಬಿಡಿಭಾಗ ತಯಾರಕರು, ಸಾಗಣೆದಾರರು ಹಾಗೂ ಗೋದಾಮುಗಳು ನೆಲೆಯೂರಿದವು. ಅವರೊಂದಿಗೆ ಹೊರ ಊರುಗಳ ಕಾರ್ಮಿಕರೂ ಬಂದರು. ಇದರಿಂದಾಗಿ ಶೆಡ್ ಮತ್ತು ಕೊಠಡಿಗಳ ಬಾಡಿಗೆಯು ಈ ಭಾಗದ ಅನೇಕ ಕುಟುಂಬಗಳ ಮುಖ್ಯ ಆದಾಯವಾಗಿದೆ. ಹಿಂದೆ ತಿಂಗಳ ಮೊದಲ ವಾರ ಮಾಲೀಕರು ಮನೆ ಮನೆಗೆ ಹೋಗಿ ನಗದು ಪಡೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಹಣವು ಮೊಬೈಲ್ ಮೂಲಕ ತಾನಾಗಿಯೇ ಖಾತೆಗೆ ಬರುತ್ತದೆ. ಆದರೆ ಪುಸ್ತಕ ಬರೆಯುವ ಅಭ್ಯಾಸ ಮಾತ್ರ ತಪ್ಪಿಹೋಗಿದೆ. ಈ ಲೇಖನದ ಉದ್ದೇಶ ಆ ಕೊರತೆಯತ್ತ ಸದಸ್ಯರ ಗಮನ ಸೆಳೆಯುವುದು.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಕಕ್ಷಿದಾರರೊಬ್ಬರಿಗೆ ಎರಡು ಶೆಡ್‌ಗಳೂ ಹದಿನಾಲ್ಕು ಕೊಠಡಿಗಳೂ ಇವೆ. ಎಲ್ಲ ಬಾಡಿಗೆಯೂ ಅವರ ಮಗನ ಮೊಬೈಲ್ ಸಂಖ್ಯೆಗೆ ಬರುತ್ತಿತ್ತು. ಎರಡು ತಿಂಗಳ ಬಾಡಿಗೆ ಬಂದಿಲ್ಲವೆಂದು ಒಬ್ಬ ಕಾರ್ಮಿಕನ ಕೊಠಡಿ ಖಾಲಿ ಮಾಡಿಸಿ, ಆ ಮೊತ್ತವನ್ನು ಮುಂಗಡದಲ್ಲಿ ಮುರಿದುಕೊಂಡರು. ಹಣ ಕಟ್ಟಿದ್ದೇನೆ ಎಂದು ಆತ ಹೇಳಿದರೂ ನಂಬಲಿಲ್ಲ. ಮಾರ್ಚ್ ತಿಂಗಳಲ್ಲಿ ನಮ್ಮ ಕಛೇರಿಯಲ್ಲಿ ಬ್ಯಾಂಕ್ ಲೆಕ್ಕ ತಾಳೆ ನೋಡುವಾಗ, ಆ ಎರಡೂ ತಿಂಗಳ ಬಾಡಿಗೆ ಆತನ ಭಾವಮೈದುನನ ಖಾತೆಯಿಂದ ಸಕಾಲದಲ್ಲಿ ಜಮಾ ಆಗಿರುವುದು ಕಂಡುಬಂತು. ನನ್ನ ಕಕ್ಷಿದಾರರು ಸಜ್ಜನರು. ಆತನನ್ನು ಹುಡುಕಿಸಿ ಹಣ ಹಿಂದಿರುಗಿಸಿದರು. ಆದರೆ ಹೆಂಡತಿ ಮಕ್ಕಳೊಡನೆ ಆತ ಊರು ಬಿಟ್ಟಾಗಿತ್ತು. ಹಣ ಬಂದರೆ ಸಾಲದು. ಅದು ಯಾರದು, ಯಾವ ತಿಂಗಳದು, ಯಾವ ಜಾಗದ್ದು ಎಂಬುದೂ ತಿಳಿದಿರಬೇಕು.

1. ಲಭ್ಯವಿರುವ ಮಾರ್ಗಗಳು

ಯುಪಿಐ: 2016ರಲ್ಲಿ ಆರಂಭವಾದ ಈ ವ್ಯವಸ್ಥೆಯು ಸಣ್ಣ ಮೊತ್ತದ ಬಾಡಿಗೆಗೆ ಅನುಕೂಲಕರ. ಸಾಮಾನ್ಯ ಮಿತಿ ದಿನಕ್ಕೆ 1 ಲಕ್ಷ ರೂಪಾಯಿ. ಹಿಂದೆ ಮಾಲೀಕರು ಬಾಡಿಗೆದಾರರ ಮೊಬೈಲ್‌ಗೆ ಹಣದ ಕೋರಿಕೆ ಕಳುಹಿಸಬಹುದಾಗಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವ ಇಂತಹ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ.

ಯುಪಿಐ ಆಟೋಪೇ: 2020ರಲ್ಲಿ ಬಂದ ಸೌಲಭ್ಯ. ಬಾಡಿಗೆದಾರರು ಒಮ್ಮೆ ಅನುಮತಿ ನೀಡಿದರೆ, 15,000 ರೂಪಾಯಿವರೆಗಿನ ಮೊತ್ತವು ಪ್ರತಿ ತಿಂಗಳೂ ಪಿನ್ ಇಲ್ಲದೆಯೇ ಕಡಿತವಾಗುತ್ತದೆ. ಇದಕ್ಕೆ ಮಾಲೀಕರು ಬ್ಯಾಂಕಿನ ಅಥವಾ ಪಾವತಿ ಸೇವಾ ಸಂಸ್ಥೆಯ ಮೂಲಕ ವ್ಯಾಪಾರಿಯಾಗಿ ನೋಂದಾಯಿಸಿಕೊಂಡಿರಬೇಕು.

ನೆಫ್ಟ್ ಮತ್ತು ಆರ್‌ಟಿಜಿಎಸ್: ನೆಫ್ಟ್ 2019ರ ಡಿಸೆಂಬರ್‌ನಿಂದಲೂ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದಲೂ ದಿನದ 24 ಗಂಟೆ ಲಭ್ಯವಿವೆ. ಆರ್‌ಟಿಜಿಎಸ್‌ಗೆ ಕನಿಷ್ಠ ಮೊತ್ತ 2 ಲಕ್ಷ ರೂಪಾಯಿ. ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ಬಾಡಿಗೆದಾರರು ಇದನ್ನು ಬಳಸಬೇಕು.

ನ್ಯಾಚ್: ಬಾಡಿಗೆದಾರರ ಲಿಖಿತ ಅಥವಾ ವಿದ್ಯುನ್ಮಾನ ಮ್ಯಾಂಡೇಟ್ ಆಧಾರದ ಮೇಲೆ ನಿಗದಿತ ದಿನ ಹಣ ಕಡಿತವಾಗುತ್ತದೆ. 2021ರ ಆಗಸ್ಟ್ 1ರಿಂದ ರಜಾ ದಿನಗಳಲ್ಲೂ ಕಾರ್ಯ ನಿರ್ವಹಿಸುತ್ತಿದೆ. ಖಾತೆಯಲ್ಲಿ ಹಣವಿಲ್ಲದೆ ಕಡಿತ ವಿಫಲವಾದರೆ, 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ ಕಲಂ 25ರಂತೆ, ಚೆಕ್ ಅಮಾನ್ಯವಾದಾಗ ಇರುವಂತಹುದೇ ಪರಿಹಾರವಿದೆ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರೆ ದೂರು ದಾಖಲಿಸಬಹುದು.

2. ಯಾರಿಗೆ ಯಾವುದು ಸೂಕ್ತ?

ಕೊಠಡಿಯ ಕಾರ್ಮಿಕರಿಗೆ ಯುಪಿಐ ಸಾಕು. ನೋಂದಾಯಿತ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ ಶೆಡ್ ಕೊಟ್ಟಿದ್ದರೆ ನೆಫ್ಟ್ ಉತ್ತಮ. ಆ ಸಂಸ್ಥೆಯೇ ತನ್ನ ಬ್ಯಾಂಕಿಗೆ ಮಾಸಿಕ ಸ್ಥಾಯಿ ಸೂಚನೆ ನೀಡಬಹುದು. ಬಾಡಿಗೆದಾರರ ಸಂಖ್ಯೆ ಹೆಚ್ಚಿದ್ದಲ್ಲಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ವರ್ಚುವಲ್ ಖಾತೆ ಸಂಖ್ಯೆ ಕೊಡುವ ಸೌಲಭ್ಯ ಕೆಲವು ಬ್ಯಾಂಕುಗಳಲ್ಲಿದೆ. ಭಾವಮೈದುನ ಕಟ್ಟಿದರೂ ಅದು ಯಾವ ಕೊಠಡಿಯ ಹಣವೆಂದು ಆಗ ತಾನಾಗಿಯೇ ತಿಳಿಯುತ್ತದೆ.

ಯಾವ ಮಾರ್ಗವಾದರೂ ಬಾಡಿಗೆಗೆಂದೇ ಒಂದು ಪ್ರತ್ಯೇಕ ಖಾತೆ ಇರಲಿ. ಅದು ಆಸ್ತಿಯ ಮಾಲೀಕರ ಹೆಸರಿನಲ್ಲೇ ಇರಲಿ. ಮಗನ ಖಾತೆಗೆ ಬಂದರೂ ಆದಾಯ ತಂದೆಯದೇ ಆಗಿರುತ್ತದೆ.

3. ಖಾತೆಗೆ ಬಂದ ಮೊತ್ತವೇ ಬಾಡಿಗೆಯಲ್ಲ

ಶೆಡ್‌ನ ತಿಂಗಳ ಬಾಡಿಗೆ 60,000 ರೂಪಾಯಿ, ಬಾಡಿಗೆದಾರರು ಜಿಎಸ್‌ಟಿ ನೋಂದಾಯಿತ ಕಂಪನಿ ಎಂದುಕೊಳ್ಳೋಣ. 2025ರ ಏಪ್ರಿಲ್ 1ರಿಂದ ತಿಂಗಳಿಗೆ 50,000 ರೂಪಾಯಿ ಮೀರಿದ ಕಟ್ಟಡ ಬಾಡಿಗೆಗೆ ಇಂತಹವರು ಶೇ. 10ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು.

ಮಾಲೀಕರೂ ಜಿಎಸ್‌ಟಿ ನೋಂದಾಯಿತರಾಗಿದ್ದರೆ: ಬಾಡಿಗೆ 60,000, ಶೇ. 18ರ ಜಿಎಸ್‌ಟಿ 10,800, ಒಟ್ಟು ಬಿಲ್ಲು 70,800. ಮೂಲದಲ್ಲಿ ಕಡಿತ 6,000. ಖಾತೆಗೆ ಜಮಾ 64,800.

ಮಾಲೀಕರು ನೋಂದಾಯಿತರಲ್ಲದಿದ್ದರೆ: 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿಯನ್ನು ಬಾಡಿಗೆದಾರ ಕಂಪನಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಖಾತೆಗೆ ಜಮಾ 54,000.

ಎರಡೂ ಸಂದರ್ಭಗಳಲ್ಲಿ ಮಾಲೀಕರ ಬಾಡಿಗೆ ಆದಾಯ 60,000 ಮಾತ್ರ. ಖಾತೆ ನೋಡಿ 64,800 ಎಂದು ತೋರಿಸಿದವರು ಹೆಚ್ಚು ತೆರಿಗೆ ಕಟ್ಟುತ್ತಾರೆ. 54,000 ಎಂದು ತೋರಿಸಿದವರಿಗೆ ಇಲಾಖೆಯ ದಾಖಲೆಗೂ ರಿಟರ್ನಿಗೂ ತಾಳೆಯಾಗದೆ ನೋಟಿಸು ಬರುತ್ತದೆ. ಆದ್ದರಿಂದ ಪ್ರತಿ ತಿಂಗಳೂ ಬಿಲ್ಲು ಅಥವಾ ರಸೀದಿ ಬರೆಯುವುದು ಅವಶ್ಯ.

ಮುಂಗಡವನ್ನು ಪ್ರತ್ಯೇಕವಾಗಿ ಪಡೆದು ಪ್ರತ್ಯೇಕವಾಗಿ ದಾಖಲಿಸಿರಿ. ಅದು ಹಿಂದಿರುಗಿಸಬೇಕಾದ ಹಣ, ಆದಾಯವಲ್ಲ.

4. ನಗದಿಗೆ ಮರಳುವುದು ಪರಿಹಾರವೇ?

2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ನಮ್ಮ ಭಾಗದ ಕೆಲವು ಮಾಲೀಕರೂ ಬಾಡಿಗೆಯನ್ನು ನಗದಿನಲ್ಲೇ ಪಡೆಯೋಣವೇ ಎಂದು ನನ್ನನ್ನು ಕೇಳಿದರು. ಬೇಡವೆಂದು ನಾನು ಹೇಳಿದೆ. ಕಾರಣಗಳಿವು:

ಅ) ವ್ಯಾಪಾರಿ ಬಾಡಿಗೆದಾರರು ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಆದ್ದರಿಂದ ಅವರೇ ಒಪ್ಪುವುದಿಲ್ಲ.

ಆ) 2017ರ ಏಪ್ರಿಲ್‌ನಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಸ್ವೀಕಾರ ನಿಷಿದ್ಧ, ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಇ) ಬಾಡಿಗೆದಾರರು ತೆರಿಗೆ ಕಡಿತದ ವಿವರ ಸಲ್ಲಿಸಿದೊಡನೆ ನಿಮ್ಮ ಬಾಡಿಗೆ ಇಲಾಖೆಗೆ ತಿಳಿದಿರುತ್ತದೆ.

ವಾಸಕ್ಕೆಂದು ಕಾರ್ಮಿಕರಿಗೆ ಕೊಟ್ಟ ಕೊಠಡಿಯ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಕೊಠಡಿಗಳನ್ನು ನೋಂದಾಯಿತ ಸಂಸ್ಥೆಯು ಬಾಡಿಗೆಗೆ ಪಡೆದರೆ, 2022ರ ಜುಲೈ 18ರಿಂದ ಆ ಸಂಸ್ಥೆಯೇ ತೆರಿಗೆ ಕಟ್ಟಬೇಕು. ಆದರೆ ಶೆಡ್ ಮತ್ತು ಕೊಠಡಿ ಎರಡೂ ಇರುವವರು, 20 ಲಕ್ಷ ರೂಪಾಯಿಗಳ ನೋಂದಣಿ ಮಿತಿಯ ಲೆಕ್ಕಕ್ಕೆ ವಿನಾಯಿತಿ ಬಾಡಿಗೆಯೂ ಸೇರುತ್ತದೆಂಬುದನ್ನು ಮರೆಯಬಾರದು. ಕೈಸಾಲ, ಮುಂಗಡ, ಅಂಗಡಿ ವ್ಯಾಪಾರ, ಬಾಡಿಗೆ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತಾಗ ಎಲ್ಲವೂ ವಹಿವಾಟಿನಂತೆಯೇ ಕಾಣುತ್ತದೆ. ಬೇರ್ಪಡಿಸಿ ಬರೆದ ಲೆಕ್ಕವೇ ನೋಟಿಸಿಗೆ ಉತ್ತರ.

5. ಕರಾರಿನಲ್ಲಿ ಇರಬೇಕಾದ ಅಂಶಗಳು

(1) ಹಣ ಸಂದಾಯವಾಗಬೇಕಾದ ಖಾತೆ ಮತ್ತು ದಿನಾಂಕ. (2) ಪ್ರತಿ ಪಾವತಿಯ ಷರಾದಲ್ಲಿ ಜಾಗದ ಸಂಖ್ಯೆ ಮತ್ತು ತಿಂಗಳು. ಉದಾಹರಣೆಗೆ, ‘ಕೊಠಡಿ 7, ಜೂನ್’. (3) ಬೇರೆಯವರು ಪಾವತಿಸಿದಲ್ಲಿ ಅದೇ ದಿನ ತಿಳಿಸುವ ಹೊಣೆ. (4) ಬಾಕಿಯೆಂದು ಹೇಳುವ ಮುನ್ನ ಇಬ್ಬರೂ ಕುಳಿತು ಬ್ಯಾಂಕ್ ಲೆಕ್ಕ ತಾಳೆ ನೋಡುವ ಷರತ್ತು.

ಇನ್ನೊಂದು ಮುಖ್ಯ ಎಚ್ಚರಿಕೆ. ತೆರವಿನ ನೋಟಿಸು ನೀಡಿ ಅದರ ಅವಧಿ ಮುಗಿದ ನಂತರವೂ ಬಾಡಿಗೆ ಸ್ವೀಕರಿಸಿದರೆ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 113ರಂತೆ ನೋಟಿಸನ್ನು ಕೈಬಿಟ್ಟಂತಾಯಿತೆಂದು ಬಾಡಿಗೆದಾರರು ವಾದಿಸಬಹುದು. ನಗದನ್ನಾದರೆ ನಿರಾಕರಿಸಬಹುದು, ಸ್ವಯಂಚಾಲಿತ ಪಾವತಿಯು ನೀವು ನಿದ್ರಿಸುತ್ತಿರುವಾಗಲೇ ಜಮಾ ಆಗಿರುತ್ತದೆ. ನೋಟಿಸು ನೀಡುವಾಗಲೇ ಮ್ಯಾಂಡೇಟ್ ನಿಲ್ಲಿಸಿರಿ. ಆಮೇಲೆ ಬಂದ ಹಣವನ್ನು ಹಕ್ಕಿಗೆ ಬಾಧಕವಿಲ್ಲದಂತೆ ಮಾತ್ರ ಇಟ್ಟುಕೊಂಡಿರುವುದಾಗಿ ಲಿಖಿತವಾಗಿ ತಿಳಿಸಿ, ವಕೀಲರ ಸಲಹೆ ಪಡೆಯಿರಿ.

ಬಾಡಿಗೆದಾರರ ಸೋಗಿನಲ್ಲಿ ವಂಚಿಸುವವರೂ ಇದ್ದಾರೆ. ಹಣ ಪಡೆಯಲು ಪಿನ್ ನಮೂದಿಸಬೇಕಾಗಿಯೇ ಇಲ್ಲ. ಮೋಸವಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ತಿಳಿಸಿರಿ.

ಆದಾಯ ತೆರಿಗೆಯ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿರುವುದರಿಂದ ಅವನ್ನು ಇಲ್ಲಿ ನಮೂದಿಸಿಲ್ಲ. ಸದಸ್ಯರು ತಮ್ಮ ಲೆಕ್ಕ ಪರಿಶೋಧಕರೊಡನೆ ಪರಿಶೀಲಿಸಿಕೊಳ್ಳುವುದು ಒಳಿತು. ಅದಕ್ಕೂ ಮುನ್ನ, ಈ ತಿಂಗಳ ಬ್ಯಾಂಕ್ ಲೆಕ್ಕ ತೆಗೆದು, ಪ್ರತಿ ಜಮೆಯ ಎದುರು ಬಾಡಿಗೆದಾರರ ಹೆಸರು ಬರೆಯಲು ಪ್ರಯತ್ನಿಸಿರಿ. ಎಲ್ಲಿ ಹೆಸರು ಹೊಳೆಯುವುದಿಲ್ಲವೋ ಅಲ್ಲಿಂದಲೇ ಸುಧಾರಣೆ ಆರಂಭವಾಗಲಿ.