ಕರಡು ಹಸಿಯಿದ್ದಾಗಲೇ ಮಾತಾಡಬೇಕು

ಕರೆಂಟಿನ ದರ ಏರಿದ ಮೇಲೆ ರಸ್ತೆಗೆ ಇಳಿಯೋದು ನಮಗೆಲ್ಲ ಗೊತ್ತು. ಏರುವ ಮೊದಲೇ ಒಂದು ಕಾಗದ ಬರೆದು ಹಾಕೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹದ ಹೋದ ಮೇಲೆ ಕೂರಿಗೆ ಹೂಡಿದರೆ ಬೀಜ ಹುಟ್ಟೀತೆ? ಸರ್ಕಾರದ ನಿಯಮ, ಆದೇಶಗಳಿಗೂ ಒಂದು ಹದ ಇರುತ್ತದೆ. ಅದಕ್ಕೆ ಕರಡು ಅಂತಾರೆ. ಕರಡು ಇದ್ದಾಗ ಬರೆದ ಒಂದು ಪುಟಕ್ಕೆ ಇರುವ ತೂಕ, ಆದೇಶ ಆದ ಮೇಲೆ ಮಾಡಿದ ನೂರು ಭಾಷಣಕ್ಕೆ ಇಲ್ಲ. ಕರೆಂಟಿನ ಉದಾಹರಣೆ ಹಿಡಿದು ಇದನ್ನು ಹೇಳುತ್ತೇನೆ.

ನಾನು ಓದಿದ್ದು ಏಳನೇ ಕ್ಲಾಸು. ಇರೋದು ಖುಷ್ಕಿ ಜಮೀನು. ಶೇಂಗಾ, ತೊಗರಿ, ರಾಗಿ ಬೆಳೆಯುತ್ತೇನೆ. ಬೋರು ಇಲ್ಲದ ನಿನಗೆ ಕರೆಂಟಿನ ಉಸಾಬರಿ ಯಾಕೆ ಅಂತ ಕೇಳಬಹುದು. ಮನೆ ದೀಪ, ಹಿಟ್ಟಿನ ಗಿರಣಿ ನನಗೂ ಬೇಕಲ್ಲ. ಇನ್ನೊಂದು ಕಾರಣವೂ ಇದೆ. ಪಂಪ್‌ಸೆಟ್ಟಿನ ಸಹಾಯಧನ ಹೋಗೋದು ಸರ್ಕಾರದ ಬೊಕ್ಕಸದಿಂದಲೇ. ಖುಷ್ಕಿಯವರ ಬದು, ಕೃಷಿಹೊಂಡಕ್ಕೆ ದುಡ್ಡು ಬರಬೇಕಾದ್ದೂ ಅದೇ ಬೊಕ್ಕಸದಿಂದ.

ದರ ಯಾರು ನಿಗದಿ ಮಾಡ್ತಾರೆ?

ಮಂತ್ರಿಗಳು ಅಂತ ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ರಾಜ್ಯದಲ್ಲಿ 1999ರಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆ. ದರ ನಿಗದಿ ಮಾಡೋದು ಅದು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಸೆಸ್ಕ್ ಕಂಪನಿಗಳು ತಮ್ಮ ಖರ್ಚುವೆಚ್ಚ ತೋರಿಸಿ ಆಯೋಗಕ್ಕೆ ಅರ್ಜಿ ಹಾಕಬೇಕು.

2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ನಾವು ತಿಳಿಯಬೇಕಾದ್ದು. ಕಂಪನಿ ತನ್ನ ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಆಯೋಗ ಜನರಿಂದ ಬಂದ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ, ಅರ್ಜಿ ಸಿಕ್ಕ 120 ದಿನದೊಳಗೆ ತೀರ್ಮಾನ ಮಾಡಬೇಕು. ಜನರಿಂದ ಅಂದ್ರೆ ಯಾರಿಂದ ಬೇಕಾದರೂ. ವಕೀಲರೇ ಆಗಬೇಕು, ಸಂಘವೇ ಆಗಬೇಕು ಅಂತ ಕಾಯ್ದೆ ಹೇಳಿಲ್ಲ.

ಅಂದಾಜಿನ ಲೆಕ್ಕ

2008ರಿಂದ ನಮ್ಮಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಅಂದರೆ ರೈತ ಕೊಡೋದಿಲ್ಲ, ಸರ್ಕಾರ ಕೊಡುತ್ತದೆ. 65ನೇ ಕಲಂ ಪ್ರಕಾರ ಆ ದುಡ್ಡನ್ನು ಸರ್ಕಾರ ಮುಂಗಡವಾಗಿ ಕಟ್ಟಬೇಕು. ಆದರೆ ಬಹುಪಾಲು ಪಂಪ್‌ಸೆಟ್ಟಿಗೆ ಮೀಟರು ಇಲ್ಲ. ಎಷ್ಟು ಉರಿಯಿತು ಅನ್ನೋದನ್ನು ಫೀಡರು, ಟ್ರಾನ್ಸ್‌ಫಾರ್ಮರುಗಳ ಮೇಲೆ ಅಂದಾಜು ಮಾಡ್ತಾರೆ.

ಇದರ ಪರಿಣಾಮ ನೋಡಿ. 100 ಯೂನಿಟ್ ನಮ್ಮ ಲೈನಿಗೆ ಬಂತು ಅಂತ ಇಟ್ಟುಕೊಳ್ಳಿ. ಮನೆ, ಅಂಗಡಿ, ಗಿರಣಿ ಮೀಟರಿನಲ್ಲಿ 40 ಸಿಕ್ಕಿತು. ಉಳಿದ 60ರಲ್ಲಿ ಪಂಪ್‌ಸೆಟ್ಟಿನ ಪಾಲು 50 ಅಂತ ಬರೆದರೆ ಸೋರಿಕೆ, ಕಳ್ಳತನ ಬರೀ 10. ಪಂಪ್‌ಸೆಟ್ಟಿಗೆ 40 ಅಂತ ಬರೆದರೆ ಸೋರಿಕೆ 20 ಆಗುತ್ತದೆ. ನಮ್ಮ ಅಂಕಿ ಹಿಗ್ಗಿದಷ್ಟೂ ಕಂಪನಿಯ ನಷ್ಟದ ಅಂಕಿ ಕುಗ್ಗುತ್ತದೆ. ಆಮೇಲೆ ರೈತರಿಗೆ ಸಾವಿರಾರು ಕೋಟಿ ಸುರಿದೆವು ಅನ್ನೋ ಮಾತು ಬರುತ್ತದೆ. ಕಂಪನಿ ಬರೆಯೋದೆಲ್ಲ ತಪ್ಪು ಅಂತ ನಾನು ಹೇಳೋದಿಲ್ಲ. ಆಯೋಗವೂ ಫೀಡರುವಾರು ಲೆಕ್ಕ ಕೇಳುತ್ತಾ ಬಂದಿದೆ. ಆದರೆ ನಮ್ಮ ಹೆಸರಲ್ಲಿ ಬರೆಯುವ ಅಂಕಿಯನ್ನು ನಾವೂ ಒಂದು ಸಲ ತಾಳೆ ನೋಡಬೇಡವೆ?

ನೋಡೋದು ಕಷ್ಟವಲ್ಲ. ಒಂದು ಎಚ್‌ಪಿ ಮೋಟರು ಒಂದು ಗಂಟೆ ಓಡಿದರೆ ಸುಮಾರು ಮುಕ್ಕಾಲು ಯೂನಿಟ್. 5 ಎಚ್‌ಪಿಗೆ ಗಂಟೆಗೆ ಮುಮ್ಮುಕ್ಕಾಲು ಯೂನಿಟ್. ದಿನಕ್ಕೆ 7 ಗಂಟೆ ಓಡಿತು ಅಂದರೆ 26 ಯೂನಿಟ್ ಆಗುತ್ತದೆ. ಬೋರಿನಲ್ಲಿ ನೀರು ಕಮ್ಮಿಯಾಗಿ 2 ಗಂಟೆಗೇ ನಿಂತರೆ ಏಳೂವರೆ ಯೂನಿಟ್ ಮಾತ್ರ. ನಮ್ಮೂರಲ್ಲಿ ಎಂಟು ಬೋರಿನವರು ಸೇರಿ ಒಂದು ನೋಟುಬುಕ್ಕು ಇಟ್ಟೆವು. ತಾರೀಕು, ಕರೆಂಟು ಬಂದ ಹೊತ್ತು, ಹೋದ ಹೊತ್ತು, ಮೋಟರು ಓಡಿದ ಗಂಟೆ, ಅಷ್ಟೆ. ಬರೆದವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಬೇಸಿಗೆಯಲ್ಲಿ ಕರೆಂಟು ಇದ್ದೂ ನೀರಿಲ್ಲದ ದಿನಗಳು ಎಷ್ಟು ಅಂತ ಆ ಪುಸ್ತಕದಲ್ಲಿ ತಾನಾಗಿ ಕಾಣಿಸಿತು.

ಬರೆಯೋದು ಹೇಗೆ?

ದರ ಪರಿಷ್ಕರಣೆಯ ನೋಟೀಸು ಪೇಪರಿನಲ್ಲಿ ಬರುತ್ತದೆ. ಕೊನೇ ದಿನ ಯಾವುದು, ಎಷ್ಟು ಪ್ರತಿ ಬೇಕು, ಅಫಿಡವಿಟ್ ಬೇಕೋ ಬೇಡವೋ, ವಿಚಾರಣೆ ಎಲ್ಲಿ ಎಂಬುದನ್ನೆಲ್ಲ ಅದರಲ್ಲೇ ಓದಿ, ಹಾಗೇ ಮಾಡಿ. ಕನ್ನಡದಲ್ಲೇ ಬರೆಯಿರಿ. ನಾನು ಅನುಸರಿಸುವ ಕ್ರಮ ಹೀಗಿದೆ:

1. ಹೆಸರು, ಊರು, ತಾಲ್ಲೂಕು, ಆರ್‌ಆರ್ ನಂಬರು ಮೊದಲು.

2. ಕಂಪನಿ ಅರ್ಜಿಯ ಯಾವ ಪುಟದ ಯಾವ ಅಂಕಿಗೆ ಆಕ್ಷೇಪಣೆ ಅಂತ ಹೇಳಿ. ಬರೀ ದರ ಏರಿಸಬೇಡಿ ಅಂದರೆ ಅದು ಕೋರಿಕೆ, ಆಕ್ಷೇಪಣೆ ಆಗೋದಿಲ್ಲ.

3. ನಿಮ್ಮ ಲೆಕ್ಕ ಕೊಡಿ. ನೋಟುಬುಕ್ಕಿನ ಪುಟಗಳ ನಕಲು ಲಗತ್ತಿಸಿ.

4. ಏನು ಮಾಡಬೇಕು ಅಂತ ಒಂದೇ ಮಾತಿನಲ್ಲಿ ಕೇಳಿ. ಉದಾಹರಣೆಗೆ, "ನಮ್ಮ ಫೀಡರಿನ ತಿಂಗಳುವಾರು ರೀಡಿಂಗು ಪ್ರಕಟಿಸಿ, ಆ ಮೇಲೆ ಪಂಪ್‌ಸೆಟ್ಟಿನ ಬಳಕೆ ತೀರ್ಮಾನಿಸಿ."

5. ವಿಚಾರಣೆಯಲ್ಲಿ ಮಾತಾಡಲು ಅವಕಾಶ ಬೇಕು ಅಂತ ಕೊನೆಗೆ ಬರೆಯಿರಿ.

ಊರಿನ ಮಾತು ಅಂತ ತೋರಿಸಬೇಕಾದರೆ ಗ್ರಾಮಸಭೆಯ ಠರಾವು ಜೊತೆಗಿಡಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಮನೆ ಪಟ್ಟಿ ಓದಿ ಎದ್ದು ಬರೋದಕ್ಕಷ್ಟೇ ಅಲ್ಲ ಆ ಸಭೆ ಇರೋದು.

ಫೀಡರಿನ ರೀಡಿಂಗು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಹಿಡಿಯುತ್ತದೆ. ದರದ ನೋಟೀಸು ಬಂದ ಮೇಲೆ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರುತ್ತದೆ. ಆದ್ದರಿಂದ ಸುಗ್ಗಿಗೆ ಮೊದಲೇ ಕೇಳಿಟ್ಟುಕೊಳ್ಳಿ.

ಕೇಳ್ತಾರಾ?

ನಾವು ಹೇಳಿದ್ದೆಲ್ಲ ಆಗುತ್ತದೆ ಅಂತ ಯಾರೂ ಮಾತು ಕೊಡಲಾರರು. ಆದರೆ ಆಯೋಗದ ಆದೇಶದಲ್ಲಿ ಜನರ ಆಕ್ಷೇಪಣೆ, ಅದಕ್ಕೆ ಕಂಪನಿ ಕೊಟ್ಟ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗುತ್ತವೆ. ಬಾಯಿಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಮುಂದಿನ ಸಲಕ್ಕೆ ಆಧಾರ. ವಿಚಾರಣೆಗೆ ಹೋಗಿ ಕೂತಾಗ ನಾನು ಕಂಡದ್ದು ಇದು: ಕೂಗಾಡಿದವರ ಮಾತಿಗೆ ಎಲ್ಲರೂ ತಲೆಯಾಡಿಸಿದರು, ಲೆಕ್ಕದ ಹಾಳೆ ಹಿಡಿದು ನಿಂತವರಿಗೆ ಮಾತ್ರ ಮರುಪ್ರಶ್ನೆ ಬಂತು. ಮರುಪ್ರಶ್ನೆ ಬಂತು ಅಂದರೆ ಮಾತು ಕಿವಿಗೆ ಬಿತ್ತು ಅಂತ.

ಜನ ಮಾತಾಡಿ ತೀರ್ಮಾನವೇ ಬದಲಾದದ್ದೂ ಉಂಟು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ಏಳು ಊರುಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಮೂರೇ ದಿನಕ್ಕೆ, ಫೆಬ್ರವರಿ 9ರಂದು, ಬಿಟಿ ಬದನೆಗೆ ತಡೆ ಬಿತ್ತು. ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲದ್ದು, ರಾಜ್ಯ ಸರ್ಕಾರಗಳ ವಿರೋಧ, ಜನರ ಅಸಮಾಧಾನ ಎಲ್ಲವನ್ನೂ ಮಂತ್ರಿ ಕಾರಣವಾಗಿ ಕೊಟ್ಟರು. ಬೀಜ ಪೇಟೆಗೆ ಬಂದು ಹೊಲ ಸೇರಿದ ಮೇಲೆ ಆ ಸಭೆ ನಡೆದಿದ್ದರೆ ಏನು ಉಪಯೋಗವಾಗುತ್ತಿತ್ತು?

ಕರೆಂಟು ಒಂದು ಉದಾಹರಣೆ ಅಷ್ಟೆ. ಎಷ್ಟೋ ಕಾಯ್ದೆಗಳ ನಿಯಮಗಳ ಕರಡು ಮೊದಲು ರಾಜ್ಯಪತ್ರದಲ್ಲಿ ಬರುತ್ತದೆ, ಆಕ್ಷೇಪಣೆಗೆ ಇಂತಿಷ್ಟು ದಿನ ಅಂತ ಕೊಟ್ಟಿರುತ್ತಾರೆ. ಯಾರೂ ಬರೆಯದಿದ್ದರೆ ಆಕ್ಷೇಪಣೆ ಬಂದಿಲ್ಲ ಅಂತ ಬರೆದುಕೊಂಡು ಕರಡನ್ನು ಕಾಯಂ ಮಾಡ್ತಾರೆ. ನಾವು ಸುಮ್ಮನಿದ್ದದ್ದು ಒಪ್ಪಿಗೆ ಅಂತ ಲೆಕ್ಕ ಆಗುತ್ತದೆ.

ಊರಿಗೊಬ್ಬರು ಪೇಪರಿನ ನೋಟೀಸು ಓದುವ ಕೆಲಸ ಹೊತ್ತುಕೊಳ್ಳಿ. ಓದು ಬಲ್ಲ ಹುಡುಗರಿಗೆ ಹೇಳಿ. ಹತ್ತು ಮನೆಯವರು ಸೇರಿ ಒಂದು ನೋಟುಬುಕ್ಕು ಇಡಿ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅಂತ ಹಿರಿಯರು ಹೇಳ್ತಿದ್ದರು. ಈಗ ಬಾಯಿ ಜೊತೆಗೆ ಲೆಕ್ಕದ ಪುಸ್ತಕವೂ ಬೇಕು. ನಿಮ್ಮೂರಲ್ಲಿ ಇಂಥ ಆಕ್ಷೇಪಣೆ ಬರೆದವರಿದ್ದರೆ, ಏನು ಉತ್ತರ ಬಂತು ಅಂತ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಉಳಿದವರಿಗೂ ದಾರಿ ಆಗುತ್ತದೆ.