ಓಬವ್ವನ ಒನಕೆಗೆ ಸದ್ದು ಕೊಡೋಣ



ಶಾಲೆಯ ಪ್ರಾಜೆಕ್ಟಿಗೆಂದು ಮಗಳು ಮನೆಯಲ್ಲಿ ಜೇಡಿಮಣ್ಣಿನ ಗೊಂಬೆ ಮಾಡಿ, ಅದನ್ನು ಚೂರೇ ಚೂರು ಸರಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯುತ್ತಾಳೆ. ಮತ್ತೆ ಸರಿಸಿ ಇನ್ನೊಂದು. ಈ ಫೋಟೋಗಳನ್ನು ಸೆಕೆಂಡಿಗೆ 12ರಂತೆ ಓಡಿಸಿದರೆ ಗೊಂಬೆ ನಡೆದ ಹಾಗೆ ಕಾಣುತ್ತದೆ. ಇದಕ್ಕೆ ಸ್ಟಾಪ್ ಮೋಷನ್ ಅನಿಮೇಷನ್ ಅನ್ನುತ್ತಾರೆ. ಒಂದು ನಿಮಿಷದ ಚಿತ್ರಕ್ಕೆ 720 ಫೋಟೋ ಬೇಕು. ಆದರೆ ಫೋಟೋಗೆ ಸದ್ದಿಲ್ಲ. ಮಾತು, ಹೆಜ್ಜೆ, ನೀರು ಎಲ್ಲವನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಬೇಕು.

‘ಅದೆಲ್ಲ ಓದಿದವರ ಕೆಲಸ, ನಮಗೇನು ಗೊತ್ತಾಗುತ್ತೆ’ ಅಂತ ನಾವು ಹಿಂದೆ ಸರಿಯುತ್ತೇವೆ. ಸದ್ದಿನ ವಿಷಯದಲ್ಲಿ ಮಕ್ಕಳಿಗಿಂತ ನಾವೇ ಹೆಚ್ಚು ಬಲ್ಲವರು. ಹೇಗೆ ಅಂತ ನಮ್ಮ ದುರ್ಗದ ಕಥೆಯಿಂದಲೇ ತಿಳಿಯೋಣ.

ಕಥೆಯನ್ನು ಕಿವಿಯಿಂದ ನೋಡೋಣ

ಕೋಟೆಯ ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದಾನೆ. ಹೆಂಡತಿ ಓಬವ್ವ ನೀರಿಗೆ ಹೋಗುತ್ತಾಳೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಾಣುತ್ತದೆ. ಒನಕೆ ಹಿಡಿದು ಒಬ್ಬೊಬ್ಬರನ್ನೇ ಹೊಡೆಯುತ್ತಾಳೆ.

ಇಲ್ಲಿ ಮಕ್ಕಳು ಜೋರಾಗಿ ಡೋಲು, ಕಿರುಚಾಟ ಹಾಕೋಣ ಅನ್ನುತ್ತಾರೆ. ಅವರನ್ನು ಒಂದು ಮಾತು ಕೇಳಿ: ಒಳಗೆ ಅಷ್ಟು ಗಲಾಟೆ ಕೇಳಿದರೆ ಹೊರಗಿನ ಸೈನಿಕ ಕಿಂಡಿಗೆ ತಲೆ ಹಾಕುತ್ತಾನಾ? ಓಬವ್ವನ ಬುದ್ಧಿ ಇರುವುದೇ ಸದ್ದು ಮಾಡದಿರುವುದರಲ್ಲಿ. ಹಾಗಾಗಿ ಇಲ್ಲಿ ಬೇಕಾದದ್ದು ಅವಳ ಉಸಿರು, ಒನಕೆಯ ಒಂದು ‘ಧಪ್’, ಆಮೇಲೆ ಮೌನ. ಕೊನೆಗೆ ಗಂಡ ಬಂದು ನೋಡಿ ಕಹಳೆ ಊದಿದಾಗ ಮಾತ್ರ ದೊಡ್ಡ ಸದ್ದು. ಅಲ್ಲಿಯತನಕ ಕಾಯ್ದಿಟ್ಟರೆ ಆ ಕಹಳೆ ಕೇಳಿದವರಿಗೆ ಮೈ ಜುಂ ಅನ್ನುತ್ತದೆ.

ಮನೆಯಲ್ಲೇ ಇರುವ ಸದ್ದುಗಳು

* ಒನಕೆ ಪೆಟ್ಟು: ರಾಗಿ ಹುಲ್ಲು ತುಂಬಿದ ಗೋಣಿಚೀಲದ ಮೇಲೆ ಒನಕೆ ಹಾಕಿ.
* ಕುದುರೆ ಓಟ: ತೆಂಗಿನ ಚಿಪ್ಪಿನ ಎರಡು ಹೋಳನ್ನು ಗಟ್ಟಿ ನೆಲಕ್ಕೆ ತಟ್ಟಿ. ಹೊಸದುರ್ಗದವರಿಗೆ ಚಿಪ್ಪಿಗೇನು ಬರ!
* ಸೈನಿಕರು ತೆವಳುವುದು: ಒಣಗಿದ ಅಡಿಕೆ ಹಾಳೆಯನ್ನು ನೆಲದ ಮೇಲೆ ಮೆಲ್ಲಗೆ ಎಳೆಯಿರಿ. ಹೊಳಲ್ಕೆರೆಯ ತೋಟಗಳಲ್ಲಿ ಬೇಕಾದಷ್ಟು ಸಿಗುತ್ತದೆ.
* ಮಳೆ: ಮೊರದಲ್ಲಿ ರಾಗಿ ಹಾಕಿ ನಿಧಾನವಾಗಿ ಓಲಾಡಿಸಿ.
* ಕಹಳೆ: ಜಾತ್ರೆಯಲ್ಲಿ ಊದುವವರನ್ನು ಕೇಳಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ.

ಇದು ಬಡವರ ಉಪಾಯ ಅಂದುಕೊಳ್ಳಬೇಡಿ. ದೊಡ್ಡ ಸಿನಿಮಾಗಳಲ್ಲೂ ಹೀಗೆಯೇ ಮಾಡುತ್ತಾರೆ. ಅಮೆರಿಕದ ಜ್ಯಾಕ್ ಫೋಲಿ ಎಂಬುವರು ಈ ಕೆಲಸಕ್ಕೆ ಹೆಸರಾದವರು, ಆ ಕಲೆಯನ್ನು ಇಂದಿಗೂ ‘ಫೋಲಿ’ ಎಂದೇ ಕರೆಯುತ್ತಾರೆ. ನಮ್ಮ ತೊಗಲುಗೊಂಬೆ ಆಟದವರೂ ಪರದೆಯ ಹಿಂದೆ ಕೂತು, ಎಲ್ಲ ಗೊಂಬೆಗಳಿಗೂ ತಾವೇ ಮಾತು ಕೊಟ್ಟವರು.

ರೆಕಾರ್ಡ್ ಮಾಡುವಾಗ

1. ಫ್ಯಾನ್, ಟಿ.ವಿ. ನಿಲ್ಲಿಸಿ. ಕರೆ ಬಾರದಂತೆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ.
2. ಮೊಬೈಲು ಬಾಯಿಂದ ಒಂದು ಗೇಣು ದೂರ ಇರಲಿ. ತೀರಾ ಹತ್ತಿರ ಹಿಡಿದರೆ ಉಸಿರು ಬಡಿದು ಮಾತು ಕೆಡುತ್ತದೆ.
3. ಗೊಂಬೆ ಮಾತಾಡುವ ಕಡೆ ಮೊದಲು ಮಾತು ರೆಕಾರ್ಡ್ ಮಾಡಿ, ಆಮೇಲೆ ಫೋಟೋ ತೆಗೆಯಿರಿ. ಮೂರು ಸೆಕೆಂಡಿನ ಮಾತಿಗೆ 36 ಫೋಟೋ.
4. ಒನಕೆ ಬೀಳುವುದು 60ನೇ ಫೋಟೋದಲ್ಲಾದರೆ ‘ಧಪ್’ ಸದ್ದು ಐದನೇ ಸೆಕೆಂಡಿಗೆ ಬರಬೇಕು. ಫೋಟೋ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ಆಯಿತು. ಸಂಘದ ಬಡ್ಡಿ ಲೆಕ್ಕಕ್ಕಿಂತ ಇದು ಸುಲಭ.
5. ಯಾರೂ ಮಾತಾಡದೆ ಹತ್ತು ಸೆಕೆಂಡು ಬರೀ ಮನೆಯ ಮೌನವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾತಿನ ನಡುವೆ ಅದನ್ನು ಹಾಕದಿದ್ದರೆ ಸದ್ದು ಕತ್ತರಿಸಿದ ಹಾಗಾಗುತ್ತದೆ.

1972ರ ‘ನಾಗರಹಾವು’ ಚಿತ್ರದಲ್ಲಿ ಓಬವ್ವನಾದ ಜಯಂತಿಯವರನ್ನು ನಾವು ಮರೆತಿಲ್ಲ. ಹಾಗಂತ ಆ ಹಾಡನ್ನೇ ತಂದು ಹಾಕುವುದು ಬೇಡ. ಹಾಡಿಗೆ ಹಕ್ಕುದಾರರಿರುತ್ತಾರೆ, ಚಿತ್ರವನ್ನು ಹೊರಗೆ ಹಂಚಬೇಕಾದರೆ ಅವರ ಅನುಮತಿ ಬೇಕು. ಕುಟ್ಟುವಾಗ ಬೀಸುವಾಗ ನಮ್ಮ ಅಜ್ಜಿಯರು ಹೇಳುತ್ತಿದ್ದ ಪದಗಳು ಇವೆಯಲ್ಲ!

ನಮ್ಮ ದನಿ ನಮಗೇ ಕೇಳಲಿ

ಓಬವ್ವನ ಮಾತನ್ನು ಯಾರು ಆಡಬೇಕು? ಸಭೆಯಲ್ಲಿ ಬಾಯಿ ಬಿಡದೆ ಮೂಲೆಯಲ್ಲಿ ಕೂರುವ ಸಹೋದರಿಗೆ ಮೊದಲು ಅವಕಾಶ ಕೊಡಿ. ತನ್ನ ದನಿ ಮೊದಲ ಸಲ ಕೇಳಿದಾಗ ‘ಅಯ್ಯೋ, ಇದು ನನ್ನದಾ?’ ಅಂತ ನಾಚಿಕೆಯಾಗುತ್ತದೆ. ಎರಡನೇ ಸಲ ಕೇಳಲಿ, ಮೂರನೇ ಸಲ ಆಕೆಯೇ ‘ಇನ್ನೊಂದ್ ಸಲ ಚೆನ್ನಾಗಿ ಹೇಳ್ತೀನಿ’ ಅಂದಾಳು. ದೇವರು ಕೊಟ್ಟ ದನಿಯನ್ನು ಮುಚ್ಚಿಡಬಾರದು. ಮಗನ, ಮಗಳ ಚಿತ್ರದಲ್ಲಿ ಮಾತಾಡಿದ ತಾಯಿ ನಾಳೆ ಗ್ರಾಮಸಭೆಯಲ್ಲೂ ಮಾತಾಡುತ್ತಾಳೆ ಎಂಬ ನಂಬಿಕೆ ನಮ್ಮದು.

ಸಂಘದಲ್ಲಿ ಚರ್ಚಿಸೋಣ

* ನಮ್ಮ ಬಾಲ್ಯದಲ್ಲಿದ್ದ ಯಾವ ಸದ್ದುಗಳು ಈಗ ಮನೆಯಲ್ಲಿ ಕೇಳುತ್ತಿಲ್ಲ?
* ನಮ್ಮ ಊರಿನ ಯಾವ ಕಥೆಯನ್ನು ಮಕ್ಕಳು ಗೊಂಬೆ ಚಿತ್ರ ಮಾಡಬಹುದು? 1933ರ ನಂತರ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದ ಕಥೆಯನ್ನು ಹಿರಿಯೂರಿನವರು ಎತ್ತಿಕೊಳ್ಳಬಹುದು.

ಈ ತಿಂಗಳ ಕೆಲಸ: ಪ್ರತಿಯೊಬ್ಬರೂ ಮನೆಯ ಒಂದು ಸದ್ದನ್ನು ರೆಕಾರ್ಡ್ ಮಾಡಿ ಮುಂದಿನ ಸಭೆಗೆ ತನ್ನಿ. ಅದು ಯಾವುದೆಂದು ಉಳಿದವರು ಕಣ್ಣು ಮುಚ್ಚಿ ಹೇಳಲಿ.